ಜಾರದ ಗಂಟು

"ಇವನ ಕೈಲಿ ಮೂಟೆ ಎತ್ತಿಸಬ್ಯಾಡ್ರಪ್ಪ, ತೊಡೇಲಿ ಬಸುರಾಗವ್ನೆ" ಎಂದು ಮೇಸ್ತ್ರಿ ರಾಮಾಂಜಿನಪ್ಪ ಲಾರಿಯ ಹಿಂದೆ ನಿಂತು ಹೇಳಿದಾಗ ತಿರುಮಲೇಶನ ತೊಡೆಯ ಮೇಲೆ ಹುಣಸೆಹಣ್ಣಿನ ಮೂಟೆ ಅರ್ಧಕ್ಕೆ ನಿಂತಿತ್ತು. ಮೂಟೆಯನ್ನು ನೆಲದಿಂದ ತೊಡೆಗೆ ತರಬೇಕು, ತೊಡೆಯಿಂದ ಎದೆಗೆ, ಎದೆಗೆ ಬಂದದ್ದನ್ನು ಒಂದೇ ಗಿರಕಿಯಲ್ಲಿ ಕತ್ತಿನ ಹಿಂದಕ್ಕೆ ಎಸೆದುಕೊಳ್ಳಬೇಕು. ತೊಡೆಯ ಮೇಲಿರುವ ಆ ಒಂದು ಗಳಿಗೆ ಮೂಟೆ ನೆಲದ್ದೂ ಅಲ್ಲ, ಹೊರುವವನದ್ದೂ ಅಲ್ಲ. ಆ ಗಳಿಗೆಯಲ್ಲೇ ಮಾತು ಬಂದು ಬಿತ್ತು, ಮೂಟೆ ಜಾರಿ ನೆಲಕ್ಕೆ ಕೂತು ಬಾಯಿ ಬಿಚ್ಚಿಕೊಂಡಿತು. ಕರಿಹಣ್ಣು ಅವನ ಪಾದದ ಮೇಲೆ ಸುರಿಯಿತು. ಮೊದಲು ನಕ್ಕವನು ಜೊತೆಯ ಹಮಾಲಿ ಕೊಂಡಪ್ಪ, ಅವನದು ಯಾವಾಗಲೂ ಮೂಗಿನಲ್ಲಿ ಶುರುವಾಗುವ ನಗು. ಆಮೇಲೆ ಉಳಿದವರು, ಆಮೇಲೆ ಚೀಟಿ ಬರೆಯುವ ಗುಮಾಸ್ತ, ಆಮೇಲೆ ಪಕ್ಕದ ಮಂಡಿಯಲ್ಲಿ ಟೊಮೆಟೊ ಕ್ರೇಟು ಇಳಿಸುತ್ತಿದ್ದವರು ವಿಷಯವೇನೆಂದು ತಿಳಿಯದೆಯೇ. ಅಷ್ಟಕ್ಕೇ ನಿಂತಿದ್ದರೆ ಅದೂ ಆಗಿ ಹೋಗುತ್ತಿತ್ತು. ಆದರೆ ಅಂಗಳದ ಮೂಲೆಯಲ್ಲಿ ಕಸಪೊರಕೆಯ ಸದ್ದು ನಿಂತಿತು. ತಿರುಮಲೇಶ ತಲೆಯೆತ್ತಿ ನೋಡಿದ. ಅವನ ಅಪ್ಪ ಚೆನ್ನರಾಯಪ್ಪ ಪೊರಕೆ ಹಿಡಿದುಕೊಂಡು, ಉಳಿದಿದ್ದ ಹಲ್ಲೆಲ್ಲ ತೋರಿಸಿ, ಮೇಸ್ತ್ರಿಯ ಮುಖ ನೋಡುತ್ತಾ ನಗುತ್ತಿದ್ದ.

ಇನ್ನೊಂದು ದಿನವಾಗಿದ್ದರೆ ಮೇಸ್ತ್ರಿಯ ಅಂಗಿಯ ಕಾಲರು ಇಷ್ಟು ಹೊತ್ತಿಗೆ ಅವನ ಮುಷ್ಟಿಯಲ್ಲಿರುತ್ತಿತ್ತು. ಇದಕ್ಕಿಂತ ಸಣ್ಣ ಮಾತಿಗೆ ಅವನು ಮುರುಗಮಲ್ಲದ ಬಸ್ಸಿನಲ್ಲಿ ಕಂಡಕ್ಟರನ ತುಟಿ ಒಡೆದಿದ್ದ. ಇದಕ್ಕಿಂತ ಸಣ್ಣ ಮಾತಿಗೆ ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರ ಮೇಲೆ ಡಸ್ಟರ್ ಬೀಸಿ, ಕಿಟಕಿ ಹಾರಿ, ಮತ್ತೆ ಆ ಕಡೆಗೆ ತಲೆ ಹಾಕಿರಲಿಲ್ಲ. ಸಿಟ್ಟು ಅವನಿಗೆ ಎರಡನೇ ಕೈಯಿದ್ದ ಹಾಗೆ, ಮೊದಲನೆಯದಕ್ಕಿಂತ ಬೇಗ ಏಳುತ್ತಿತ್ತು. ಇವತ್ತು ಅದು ಎದ್ದು, ಎತ್ತ ಹೋಗಬೇಕೆಂದು ತಿಳಿಯದೆ, ನಿನ್ನೆ ಕೇಳಿಸಿಕೊಂಡಿದ್ದ ಒಂದು ಪದದ ಸುತ್ತ ಸುತ್ತಿ ಸುಮ್ಮನಾಯಿತು. ಅವನು ಪಾದದ ಮೇಲಿನ ಹಣ್ಣು ಕೊಡವಿಕೊಂಡು ಮಂಡಿಯ ಒಳಗೆ ನಡೆದ. ಹಿಂದಿನಿಂದ ಕೊಂಡಪ್ಪ, ಒರೇಯ್, ನೋವು ಶುರುವಾಯ್ತೇನ್ರಾ, ಸೂಲಗಿತ್ತೀನ ಕರೀಲಾ ಎಂದು ಕೂಗಿದ್ದು ಬಹಳ ದೂರದ ಯಾರದೋ ಮದುವೆಮನೆಯ ಮೈಕಿನ ಹಾಗೆ ಕೇಳಿಸಿತು.

ಗೋದಾಮಿನಲ್ಲಿ ಹುಣಸೆಯ ಮೂಟೆಗಳು ಸೂರಿನ ತನಕ ಏರಿದ್ದವು. ಎರಡು ಸಾಲಿನ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗ. ಅಲ್ಲಿ ಗೋಣಿ ಹಾಸಿಕೊಂಡು ಮಲಗಿದ. ಶೀಟಿನ ತೂತುಗಳಿಂದ ಬಿಸಿಲು ಕೋಲಾಗಿ ಇಳಿದು, ಕೋಲಿನೊಳಗೆ ದೂಳು ಮೇಲಕ್ಕೂ ಹೋಗದೆ ಕೆಳಕ್ಕೂ ಬಾರದೆ ತೇಲುತ್ತಿತ್ತು. ಹುಳಿಯ ವಾಸನೆ ಮೂಗಿಗೆ ಬಡಿಯುವುದು ನಿಂತು ಎಷ್ಟೋ ವರ್ಷವಾಗಿತ್ತು, ಇವತ್ತು ಮಾತ್ರ ಹಲ್ಲು ಜುಮ್ಮೆಂದಿತು. ಪ್ಯಾಂಟಿನ ಮೇಲಿಂದಲೇ ಬಲತೊಡೆಯ ಮೇಲೆ ಅಂಗೈ ಇಟ್ಟ. ಇತ್ತು. ಪ್ರತಿ ಸಲ ಕೈಯಿಡುವಾಗಲೂ ಇರಲಿಕ್ಕಿಲ್ಲ ಎಂದು ಒಂದು ಕ್ಷಣ ಅನಿಸುವುದು, ಪ್ರತಿ ಸಲವೂ ಇರುವುದು. ಮೊಣಕಾಲಿಗೂ ಸೊಂಟಕ್ಕೂ ನಡುವೆ, ತೊಡೆಯ ಒಳಗಡೆಗೆ, ಆಳದಲ್ಲಿ, ಯಾರೋ ಮಾಂಸದೊಳಗೆ ಮುಷ್ಟಿ ಬಿಗಿದುಕೊಂಡು ಕೂತ ಹಾಗೆ. ನೋವಿಲ್ಲ. ನೋವಿದ್ದಿದ್ದರೆ ಯಾವತ್ತೋ ಯಾರಿಗಾದರೂ ತೋರಿಸುತ್ತಿದ್ದನೇನೋ. ಯುಗಾದಿಯ ಹೊತ್ತಿಗೆ ನೆಲ್ಲಿಕಾಯಷ್ಟಿತ್ತು. ದಸರೆಯ ಹೊತ್ತಿಗೆ ನಿಂಬೆಹಣ್ಣು. ಈಗ ಅವರೆಕಾಯಿಯ ಕಾಲ, ಪ್ಯಾಂಟಿನ ಆ ಕಾಲು ಬಿಗಿ.

ಯಾರಿಗೂ ತೋರಿಸಿರಲಿಲ್ಲ ಎಂದಲ್ಲ. ಮೊದಲು ನೋಡಿದವನು ಇದೇ ರಾಮಾಂಜಿನಪ್ಪ. ಆಗ ಅವನು ನಕ್ಕಿರಲಿಲ್ಲ. ಮೂಟೆ ಹೊರುವವರಿಗೆ ಕತ್ತಿನ ಹಿಂದೆ, ಮೂಟೆ ಕೂರುವ ಕಡೆ, ವರ್ಷಗಳ ಮೇಲೆ ಮೆತ್ತನೆಯ ಒಂದು ಗಂಟು ಬೆಳೆಯುತ್ತದೆ. ಪೀಠ ಬಂತು ಅನ್ನುತ್ತಾರೆ. ಪೀಠ ಬಂದವನಿಗೆ ಸಾಲಿನಲ್ಲಿ ಮೊದಲ ಜಾಗ, ಲಾರಿಯ ಮೊದಲ ಮೂಟೆ ಅವನದು. ಆ ದಿನ ಮೇಸ್ತ್ರಿ ಎಲ್ಲರ ಮುಂದೆ ಅವನ ಕತ್ತನ್ನು ಮುಟ್ಟಿ ನೋಡಿ ಕಾಯಿ ಒಡೆಸುತ್ತಾನೆ. ಮಂಡಿಯ ಹಳಬರೆಲ್ಲರಿಗೂ ಇತ್ತು. ಹಾಗಾಗಿ ತಿರುಮಲೇಶನ ತೊಡೆಯಲ್ಲಿ ಗಂಟು ಕಾಣಿಸಿದಾಗ ಯಾರಿಗೂ ಅದು ರೋಗವೆನಿಸಲೇ ಇಲ್ಲ. ರಾಮಾಂಜಿನಪ್ಪ ಹೆಬ್ಬೆರಳಿನಿಂದ ಒತ್ತಿ, ತೊಡೆ ಮೇಲೆ ಜಾಸ್ತಿ ಹೊತ್ತು ಮೂಟೆ ಕೂರಿಸ್ಕೊಂತೀಯಲ್ಲ, ಪೀಠ ದಾರಿ ತಪ್ಪಿ ಇಲ್ಲಿಗೆ ಬಂದೈತೆ ಎಂದಿದ್ದ. ತಿರುಮಲೇಶನಿಗೆ ಆ ದಿನ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಆ ಹೆಮ್ಮೆ ನೆನಪಾದರೆ ಈಗ ಅವನಿಗೆ ಎದ್ದು ಹೋಗಿ ಯಾವುದಾದರೂ ಗೋಡೆಗೆ ಗುದ್ದಬೇಕೆನಿಸುತ್ತದೆ.

ಅಪ್ಪನ ಪೀಠ ಇಡೀ ಚಿಂತಾಮಣಿಯಲ್ಲೇ ದೊಡ್ಡದು ಎನ್ನುತ್ತಿದ್ದರು. ಅಪ್ಪನ ಹೆಗಲ ಮೇಲೆ ಕೂತು, ಎರಡು ಕಾಲು ಅಪ್ಪನ ಎದೆಯ ಮೇಲೆ ಇಳಿಬಿಟ್ಟು, ಅದನ್ನು ಹಿಡಿಯಂತೆ ಹಿಡಿದುಕೊಂಡು ಅವನು ಸಂತೆ ನೋಡಿದ್ದ, ಅಂಬಾಜಿದುರ್ಗದ ಬಂಡೆ ಹತ್ತಿದ್ದ, ಎಷ್ಟೋ ಸಲ ಹಾಗೇ ನಿದ್ದೆ ಹೋಗಿದ್ದ. ನಿದ್ದೆ ಬರುವ ತನಕ ಬೆರಳಿನಿಂದ ಅದನ್ನು ಆ ಕಡೆ ಈ ಕಡೆ ಜಾರಿಸುವುದು ಅವನ ಆಟ. ರಾತ್ರಿಯೆಲ್ಲ ನೆನೆದ ಅವರೆಕಾಳು ಹಿತುಕುವಾಗ ಸಿಪ್ಪೆಯೊಳಗೇ ಜಾರುತ್ತದಲ್ಲ, ಹಾಗೆ ಜಾರುತ್ತಿತ್ತು ಅಪ್ಪನ ಗಂಟು. ಒತ್ತಿದರೆ ತಗ್ಗುವುದು, ಬಿಟ್ಟರೆ ಮೇಲೆ ಬರುವುದು, ಬೆವರಿನಿಂದ ಬೆಚ್ಚಗೆ, ಹಿಟ್ಟಿನ ಮುದ್ದೆಯಷ್ಟು ಸಾಧು. ಅಪ್ಪ ನಡೆಯುತ್ತಲೇ, ಸಾಕು ಬಿಡಪ್ಪ, ಕಚಗುಳಿ ಆಗ್ತದೆ ಎನ್ನುವನು. ಈಗ ಮೂಟೆಗಳ ನಡುವೆ ಮಲಗಿ ಕಣ್ಣು ಮುಚ್ಚಿದರೆ ಬೆರಳ ತುದಿಯಲ್ಲಿ ಆ ಜಾರಿಕೆ ಇನ್ನೂ ಇತ್ತು. ಅದೇ ಬೆರಳನ್ನು ತೊಡೆಯ ಮೇಲಿಟ್ಟು ಅದೇ ರೀತಿ ಜಾರಿಸಲು ನೋಡಿದ. ಜಾರಲಿಲ್ಲ. ಅಂಬಾಜಿದುರ್ಗದ ತಪ್ಪಲಿನಲ್ಲಿ ಹೊಲದ ನಡುವೆ ಒಂದೊಂದು ಬಂಡೆ ಅಂಗೈಯಗಲ ಹೊರಗೆ ಕಾಣುತ್ತದೆ. ಸಣ್ಣದೆಂದು ಗುದ್ದಲಿ ಹಾಕಿದರೆ ಇಡೀ ಹೊಲವೇ ಅದರ ಬೆನ್ನಿನ ಮೇಲೆ ಮಲಗಿರುತ್ತದೆ.

ನಿನ್ನೆ ಇದೇ ಹೊತ್ತಿಗೆ ಅವನು ಚಿಕ್ಕಬಳ್ಳಾಪುರದ ಆಸ್ಪತ್ರೆಯ ಬೆಂಚಿನ ಮೇಲೆ ಪ್ಯಾಂಟು ಕಳಚಿ ಮಲಗಿದ್ದ. ಯಾರಿಗೂ ಹೇಳದೆ ಹೋಗಿದ್ದ. ಟೈಲರ್ ಖಲೀಮುಲ್ಲಾ ಪ್ಯಾಂಟಿನ ಕಾಲು ಬಿಚ್ಚಿ ಹೊಲಿದುಕೊಡುವಾಗ, ಒಂದೇ ಕಾಲು ದಪ್ಪಗಾಗೋದು ನಾನು ನೋಡಿಲ್ಲಪ್ಪ, ಒಂದ್ಸಲ ತೋರಿಸ್ಕೊ ಎಂದು ದಾರ ಕಡಿಯುತ್ತಾ ಅಂದಿದ್ದೇ ಕಾರಣ. ಡಾಕ್ಟರು ಹೆಂಗಸು ಎಂದು ಮೊದಲೇ ಗೊತ್ತಿದ್ದರೆ ವಾಪಸ್ ಬರುತ್ತಿದ್ದ. ಲುಬ್ನಾ ಎಂದು ಬಾಗಿಲ ಮೇಲೆ ಬರೆದಿತ್ತು, ಅವನಿಗಿಂತ ಅಷ್ಟೇನೂ ದೊಡ್ಡವಳಲ್ಲ. ಅವಳ ಹಿಂದೆ ಕಲಿಯಲು ಬಂದಿದ್ದ ಇಬ್ಬರು ಹುಡುಗಿಯರು. ಚಡ್ಡಿಯ ಅಂಚು ಹರಿದಿದ್ದು ಅವನಿಗೆ ಆಗಲೇ ನೆನಪಾಯಿತು. ಕೈಯಿಂದ ಮುಚ್ಚಿಕೊಳ್ಳಲು ಹೋದರೆ, ಕೈ ತೆಗಿಯಪ್ಪ ಎಂದಳು. ಹುಡುಗಿಯರಲ್ಲಿ ಒಬ್ಬಳು ಸೂರಿನ ಕಡೆ ನೋಡಿದಳು, ಅದು ಕರುಣೆ, ಅದಕ್ಕೇ ಅವನಿಗೆ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಲುಬ್ನಾ ಟೇಪು ಹಿಡಿದು ಅಳೆದಳು. ಎಷ್ಟು ತಿಂಗಳಿಂದ, ಬೆಳೀತಾ ಇದೆಯಾ, ಮೈ ಇಳಿದಿದೆಯಾ, ಅಲ್ಲಿ ಏಟು ಬಿದ್ದಿತ್ತಾ ಎಂದೆಲ್ಲ ಕೇಳಿದಳು. ಅವನು ಒಂದೊಂದೇ ಪದದಲ್ಲಿ ಉತ್ತರ ಎಸೆದ. ಆಮೇಲೆ ಅವಳು, ತೊಡೆ ಸಡಿಲ ಬಿಡು ಎಂದು ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ಅಲುಗಿಸಿದಳು. ಚೂರು ಅಲುಗಿತು. ಈಗ ಕಾಲು ಬಿಗಿ ಹಿಡಿ ಎಂದಳು. ಬಿಗಿ ಹಿಡಿದ. ಅಲುಗಲಿಲ್ಲ. ಅವಳ ಬೆರಳು ಅಲ್ಲೇ ನಿಂತಿತು. ಹಿಂದಿದ್ದ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಅದರಲ್ಲಿ ಒಂದು ಪದ ಮಾತ್ರ ಅವನ ಕಿವಿಗೆ ಅಂಟಿಕೊಂಡು ಉಳಿಯಿತು, ಸಾರ್ಕೋಮಾ. ಊರಿನ ಹೆಸರಿನ ಹಾಗಿತ್ತು. ಯಾವುದೋ ಸಮುದ್ರದ ಪಕ್ಕದ ಊರು, ಬಿಳಿ ಮನೆಗಳು, ಅಲ್ಲಿಗೆ ಬಸ್ಸಿಲ್ಲ.

ಪ್ಯಾಂಟು ಏರಿಸಿಕೊಳ್ಳುತ್ತಾ ಅವನು ಗುರ್ರೆಂದ. ಇಂಗ್ಲಿಷ್ ಬರಲ್ಲ ಅಂತ ನನ್ ಮುಂದೇನೇ ಮಾತಾಡ್ಕೊಂತೀರಾ, ಏನದು, ಕನ್ನಡದಲ್ಲಿ ಹೇಳಿ ಎಂದ. ಅವಳು ಹುಡುಗಿಯರನ್ನು ಹೊರಗೆ ಕಳಿಸಿ, ಕುರ್ಚಿ ಎಳೆದು ಅವನ ಎದುರಿಗೇ ಕೂತಳು. ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. "ಅದು ಮಾಂಸದಲ್ಲಿ ಬರೋ ಒಂದು ಕ್ಯಾನ್ಸರ್ ಹೆಸರು. ನಾನು ಹೌದು ಅಂತ ಹೇಳ್ತಾ ಇಲ್ಲ ತಿರುಮಲೇಶ್. ಮುಟ್ಟಿ ನೋಡಿ ಅಲ್ಲ ಅಂತಾನೂ ಹೇಳಕ್ಕಾಗಲ್ಲ. ದೊಡ್ಡದಿದೆ, ಬೆಳೀತಿದೆ, ಮಾಂಸದ ಒಳಗಿದೆ. ನೋವಿಲ್ಲ ಅನ್ನೋದು ಸಮಾಧಾನ ಅಲ್ಲ. ಮೊದಲು ಸ್ಕ್ಯಾನು, ಆಮೇಲೆ ಸೂಜಿ ಹಾಕಿ ಒಂಚೂರು ತೆಗೆದು ನೋಡ್ತಾರೆ, ಯಾರು ಆಪರೇಷನ್ ಮಾಡ್ತಾರೋ ಅವರೇ ಎಲ್ಲಿ ಸೂಜಿ ಹಾಕ್ಬೇಕು ಅಂತ ಹೇಳ್ಬೇಕು. ಅಲ್ಲೀವರೆಗೂ ಯಾರಿಗೂ ಇದನ್ನ ಕುಯ್ಯಕ್ಕೆ ಬಿಡಬೇಡ. ಕೆಟ್ಟದೇ ಆಗಿದ್ರೆ, ಗೊತ್ತಿಲ್ದೆ ಕುಯ್ದ್ರೆ, ಅದು ಅಕ್ಕಪಕ್ಕ ಎಲ್ಲಾ ಚೆಲ್ಲುತ್ತೆ. ಕಾಲು ಉಳಿಸ್ಕೊಳೋ ದಾರಿ ಮುಚ್ಚಿ ಹೋಗುತ್ತೆ." ಅವಳು ಬೆಂಗಳೂರಿನ ಯಾರೋ ಡಾಕ್ಟರಿಗೆ ಫೋನು ಮಾಡಿದಳು, ನಾಳೆ ಸಂಜೆಯೊಳಗೆ ಹೋದರೆ ಅವರೇ ನೋಡುತ್ತಾರೆ ಎಂದಳು. ಅವನು ಯಾಕೋ ಅವಳ ಚಪ್ಪಲಿಯನ್ನೇ ನೋಡುತ್ತಿದ್ದ. ಒಂದರ ಪಟ್ಟಿ ಕಿತ್ತು ಪಿನ್ನು ಹಾಕಿದ್ದಳು. ನಾನು ಹಮಾಲಿ, ನನಗೆ ಎರಡು ಕಾಲೂ ಬೇಕು ಎಂದು ಹೇಳಲು ಬಾಯಿ ತೆರೆದರೆ, ಬಾತ್‌ರೂಂ ಎಲ್ಲಿ ಎಂಬ ಮಾತು ಬಂತು.

ಸಂಜೆಯೆಂದರೆ ಇವತ್ತಿನ ಸಂಜೆ. ಆದರೆ ಇವತ್ತೇ ಗಂಟು ಕುಯ್ಯಲು ಅಪ್ಪ ಮೋಹನ್‌ಬಾಬುವಿಗೂ ಹೇಳಿಯಾಗಿತ್ತು. ಮಂಡಿಯ ಗೇಟಿನ ಎದುರಿಗೇ ಮೋಹನ್‌ಬಾಬುವಿನ ಅಂಗಡಿ. ಹೊರಗೆ ಡಾಕ್ಟರ್ ಎಂದು ಬೋರ್ಡಿಲ್ಲ, ಆದರೆ ಮಂಡಿಗೆ ಅವನೇ ಡಾಕ್ಟರು. ಕುರು ಒಡೆಯುವವನು, ಉಗುರು ಕೀಳುವವನು, ಗಂಟು ಕುಯ್ಯುವವನು. ಅಪ್ಪನ ಪೀಠ ಕುಯ್ದವನೂ ಅವನೇ. ಮೂಟೆಗಳ ನಡುವಿನ ಬಿಸಿಲುಕೋಲು ಅಷ್ಟರಲ್ಲಿ ಅವನ ಎದೆಯಿಂದ ಹೊಟ್ಟೆಗೆ ಸರಿದಿತ್ತು, ನೆನಪಿನಲ್ಲಿ ಅವನು ಮತ್ತೆ ಏಳನೇ ಕ್ಲಾಸಿನಲ್ಲಿದ್ದ. ಸ್ಕೂಲಿನ ಗೇಟಿನಲ್ಲಿ ಅಪ್ಪ ಊಟದ ಡಬ್ಬಿ ಹಿಡಿದು ನಿಂತಿದ್ದ, ಬೆನ್ನು ಈ ಕಡೆ. ಎರಡು ತಲೆಯವನ ಮಗನೇ, ನಿಮ್ಮಪ್ಪನ ಯಾವ ತಲೆಗೆ ಎಣ್ಣೆ ಹಚ್ತೀರೋ ಎಂದು ಕ್ಲಾಸಿನ ಸುನೀಲ್‌ಕುಮಾರ್ ಇಡೀ ಮೈದಾನಕ್ಕೆ ಕೇಳುವ ಹಾಗೆ ಕೇಳಿದ. ತಿರುಮಲೇಶ ಅವನನ್ನು ಹೊಡೆದ. ಹೊಡೆದು ಬಂದು ಅಪ್ಪನ ಕೈಯಿಂದ ಡಬ್ಬಿ ಕಿತ್ತುಕೊಂಡು, ಇನ್ಮೇಲೆ ಸ್ಕೂಲ್ ಹತ್ರ ಬರಬ್ಯಾಡ, ಬಂದ್ರೆ ಸಾಯ್ತೀನಿ ಎಂದ. ಅಪ್ಪ ಕತ್ತಿನ ಮೇಲೆ ಟವೆಲು ಎಳೆದುಕೊಂಡು ಹೋದ. ಆ ಭಾನುವಾರವೇ ಮೋಹನ್‌ಬಾಬುವಿನ ಬೆಂಚಿನ ಮೇಲೆ ಕವುಚಿ ಮಲಗಿದ. ಸ್ಟೀಲಿನ ಬಟ್ಟಲಲ್ಲಿ ಅದನ್ನು ಮನೆಗೇ ತಂದಿದ್ದ, ಹಳದಿ, ನುಣುಪು, ಕುರಿಯ ಕೊಬ್ಬಿನ ಹಾಗೆ. ನೋಡಪ್ಪ, ಹೋಯ್ತು ಎಂದ. ಬಟ್ಟಲನ್ನು ಚಾಚಿದ ಆ ಕೈಯನ್ನು ನೋಡಲಾಗದೆ ಅವನು ಹಿತ್ತಲಿಗೆ ಓಡಿದ್ದ.

ಪೀಠ ಹೋದ ಮೇಲೆ ಅಪ್ಪನ ಕತ್ತಿನ ಮೇಲೆ ಮೂಟೆ ಕೂರಲಿಲ್ಲ. ಗಾಯ ಮಾಯಿತು, ಆದರೆ ಆ ಜಾಗದ ಚರ್ಮ ಎಲುಬಿಗೇ ಅಂಟಿಕೊಂಡು, ಭಾರ ಬಿದ್ದ ಕೂಡಲೇ ಕಣ್ಣು ಕತ್ತಲಿಡುತ್ತದೆ ಎನ್ನುತ್ತಿದ್ದ. ಮೊದಲ ಸಾಲಿನಿಂದ ಕೊನೆಯ ಸಾಲಿಗೆ, ಅಲ್ಲಿಂದ ಪೊರಕೆಗೆ. ಪೊರಕೆ ಹಿಡಿದವನು ಮೇಸ್ತ್ರಿಯ ಎಲ್ಲ ಮಾತಿಗೂ ನಗಬೇಕು, ಅಂಗಳದಲ್ಲಿ ಚೆಲ್ಲಿದ ಹಣ್ಣು ಗುಡಿಸಿ ಮನೆಗೆ ಒಯ್ಯಲು ಬಿಡುವವನು ಅವನೇ. ಎಲ್ಲ ಗೊತ್ತಿತ್ತು ತಿರುಮಲೇಶನಿಗೆ. ಗೊತ್ತಿದ್ದೂ ಆ ನಗು ಕಿವಿಯಲ್ಲಿ ಹುಣಸೆಬೀಜ ಹೊಕ್ಕ ಹಾಗೆ ಕೂತಿತ್ತು. ಶೀಟಿನ ಮೇಲೆ ಪಾರಿವಾಳ ನಡೆದವು. ಅವನ ತೊಡೆಯೊಳಗಿನ ಮುಷ್ಟಿ ನಿಧಾನವಾಗಿ ಬೆರಳು ಬಿಚ್ಚಿದಂತೆ, ಬಿಚ್ಚಿದ ಅಂಗೈಯಲ್ಲಿ ಬಿಳಿ ಮನೆಗಳ ಆ ಊರು ಕಂಡಂತೆ, ಅದರ ಬೀದಿಯಲ್ಲಿ ಅಪ್ಪ ಎರಡು ತಲೆ ಹೊತ್ತು ನಡೆಯುತ್ತಿದ್ದಂತೆ ಆಯಿತು.

"ಏಳಪ್ಪ" ಎಂದ ಚೆನ್ನರಾಯಪ್ಪ. ನಿಜವಾದ ಅಪ್ಪ, ಮೂಟೆಗಳ ಸಂದಿಯಲ್ಲಿ ಓರೆಯಾಗಿ ನಿಂತು, ಪೊರಕೆಯನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. "ಡಾಕ್ಟ್ರು ನೀರು ಕಾಯಿಸಿ ಇಟ್ಟವ್ರಂತೆ. ನಂದು ತೆಗೆದಂಗೇ ತೆಗೆದುಬಿಡ್ತಾರೆ, ಬೀಡಿ ಸೇದೋ ಹೊತ್ತಾಗಲ್ಲ. ನಾಳೆಯಿಂದ ಯಾರೂ ಏನೂ ಅನ್ನಲ್ಲ ನಿನ್ನ."

ಯಾರೂ ಏನೂ ಅನ್ನಲ್ಲ. ಬೆಂಗಳೂರಿನ ವಿಷಯ ಹೇಳಬೇಕೆಂದು ನಿನ್ನೆ ರಾತ್ರಿಯಿಂದ ಅವನು ಮಾತು ಕೂಡಿಸುತ್ತಿದ್ದ. ಆದರೆ ಆ ಮಾತು ಕೇಳಿದ ಕೂಡಲೇ ಕೂಡಿಸಿದ್ದೆಲ್ಲ ಉದುರಿತು, ಎದ್ದು ಅಪ್ಪನ ಹಿಂದೆ ನಡೆದ. ಆಗಿಹೋಗಲಿ ಎಂದೂ ಅನಿಸಿತು. ಕುಯ್ದು ಬಿಸಾಕಲಿ, ಬಟ್ಟಲಲ್ಲಿ ಹಾಕಿ ಅಪ್ಪನಿಗೂ ತೋರಿಸಲಿ, ನೋಡು ಹೋಯ್ತು ಅನ್ನಲಿ. ಆ ಡಾಕ್ಟರಮ್ಮನಿಗೆ ಏನು ಗೊತ್ತು, ಪಿನ್ನು ಹಾಕಿದ ಚಪ್ಪಲಿಯವಳಿಗೆ. ಗೇಟಿನ ಹತ್ತಿರ ಗುಂಪು ಟೀ ಕುಡಿಯುತ್ತಾ ನಿಂತಿತ್ತು. ಕೊಂಡಪ್ಪ ಎರಡೂ ಕೈಯಲ್ಲಿ ತೊಟ್ಟಿಲು ತೂಗಿ ತೋರಿಸಿದ.

ಮೋಹನ್‌ಬಾಬುವಿನ ಅಂಗಡಿಯ ಹಿಂಭಾಗದಲ್ಲಿ ಅದೇ ಬೆಂಚು. ಸ್ಟೌವಿನ ಮೇಲೆ ಪಾತ್ರೆ ಕುದಿಯುತ್ತಿತ್ತು, ಒಳಗೆ ಕತ್ತರಿಯೂ ಚಿಮಟವೂ ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಗುಟ್ಟುತ್ತಿದ್ದವು. ಮೋಹನ್‌ಬಾಬು ಒಳ್ಳೆಯವನು, ಎಲ್ಲರಿಗೂ ಒಳ್ಳೆಯವನು. ರಾರಾ ಚಿನ್ನಾ ಎಂದು ತೆಲುಗಿನಲ್ಲೇ ಕರೆದ, ಹರಿದ ಚಡ್ಡಿಯ ಕಡೆ ನೋಡಲೇ ಇಲ್ಲ, ತೊಡೆಯ ಮೇಲೆ ಬೆಚ್ಚನೆಯ ಕೈ ಇಟ್ಟ. ಕೊಬ್ಬಿನ ಗಡ್ಡೆ ಎಂದ, ಇನ್ನೂ ಒತ್ತಿ ನೋಡುವ ಮೊದಲೇ. ಆಮೇಲೆ ಒತ್ತಿದ. ಸ್ವಲ್ಪ ಒಳಗಿದೆ ಅಷ್ಟೇ, ಎಂದ. ಅವನ ಹೆಬ್ಬೆರಳು ಒಂದು ಅಂಚು ಹುಡುಕುತ್ತಿತ್ತು, ಸಿಗದೆ ಸರಿದು ಇನ್ನೊಂದು ಕಡೆ ಹುಡುಕಿತು. ತಿರುಮಲೇಶ ಸೂರಿನ ಜಂತಿ ನೋಡುತ್ತಾ ಮಲಗಿದ್ದ. ಬೆರಳ ತುದಿಯಲ್ಲಿ ಆ ಹಳೆಯ ಜಾರಿಕೆ ಎದ್ದು ಬಂತು, ಅಪ್ಪನ ಬೆವರಿನ ಬಿಸಿ, ಹೆಗಲ ಮೇಲಿನ ತೂಗಾಟ, ಕಚಗುಳಿ ಆಗ್ತದೆ ಬಿಡಪ್ಪ. ಇಡೀ ಭೂಮಿಯ ಮೇಲೆ ಆ ಜಾರಿಕೆಯನ್ನು ಬಲ್ಲ ಕೈಗಳು ಎರಡೇ ಜೊತೆ, ಅವನವು, ಅಪ್ಪನವು.

"ಅಪ್ಪಾ, ಇಲ್ಲಿ ಬಾ."

ಚೆನ್ನರಾಯಪ್ಪ ಪೊರಕೆಯನ್ನು ಗೋಡೆಗೆ ಒರಗಿಸಿ ಬಂದ. ತಿರುಮಲೇಶ ಅವನ ಕೈ ಹಿಡಿದು ಗಂಟಿನ ಮೇಲೆ ಇಟ್ಟ. ಬುದ್ಧಿ ಬಂದ ಮೇಲೆ ಅಪ್ಪನ ಕೈ ಹಿಡಿದಿದ್ದು ಯಾವಾಗ ಎಂದು ನೆನಪಾಗಲಿಲ್ಲ. ಒರಟು ಅಂಗೈ, ಹುಣಸೆ ನಾರು ಇನ್ನೂ ಅಂಟಿತ್ತು. "ಜಾರ್ಸು. ನಿಂದು ಜಾರ್ತಿತ್ತಲ್ಲ, ಹಂಗೆ" ಎಂದ, ಎಂದು ಕಾಲು ಬಿಗಿ ಹಿಡಿದ. ಅಪ್ಪನ ಬೆರಳು ಮೊದಲು ಅಸಡ್ಡೆಯಿಂದ ಸರಿಯಿತು. ನಿಂತಿತು. ಮತ್ತೆ ಸರಿಯಿತು. ಎರಡೂ ಕೈ ಹಾಕಿ, ಬೇರಿನ ಜಾಡು ಹಿಡಿದವನ ಹಾಗೆ ಸುತ್ತಲೂ ತಡಕಿದ. ಮೋಹನ್‌ಬಾಬು ಚಿಮಟದಿಂದ ಕತ್ತರಿ ಎತ್ತಿ ಕುದಿನೀರು ಜಾಡಿಸುತ್ತಿದ್ದ. ಅಪ್ಪನ ಮುಖದಲ್ಲಿ ಮೇಸ್ತ್ರಿಗೆ ನಕ್ಕ ನಗುವಿನ ಗೆರೆಗಳು ಇನ್ನೂ ಇದ್ದವು, ಅವು ಒಂದೊಂದೇ ಆರಿದವು. ಒಂದು ಕೈ ತೊಡೆಯ ಮೇಲೇ ಉಳಿಯಿತು. ಇನ್ನೊಂದು ಅವನಿಗೇ ತಿಳಿಯದ ಹಾಗೆ ಕತ್ತಿನ ಹಿಂದಕ್ಕೆ ಹೋಗಿ ಆ ಹಳೆಯ ಗಾಯದ ಗುಳಿಯನ್ನು ಮುಟ್ಟಿತು.

"ನೆನ್ನೆ ಚಿಕ್ಕಬಳ್ಳಾಪುರದಲ್ಲಿ ತೋರಿಸ್ದೆ" ಎಂದ ತಿರುಮಲೇಶ. "ಕುಯ್ಯಕ್ಕೆ ಯಾರಿಗೂ ಕೊಡಬ್ಯಾಡ ಅಂದ್ರು. ಇವತ್ತು ಸಂಜೆ ಬೆಂಗಳೂರಿಗೆ ಬಾ ಅಂದವ್ರೆ."

ದೊಡ್ಡಾಸ್ಪತ್ರೆಯವರು ಎಲ್ಲಕ್ಕೂ ಹೆದರಿಸ್ತಾರಪ್ಪ ಎಂದು ಮೋಹನ್‌ಬಾಬು ಶುರುಮಾಡಿದ. ಚೆನ್ನರಾಯಪ್ಪ ಅವನ ಕಡೆ ನೋಡದೆ, "ಕತ್ತರಿ ಕೆಳಗಿಡಿ ಡಾಕ್ಟ್ರೇ" ಎಂದ, ಬಹಳ ಮೆಲ್ಲಗೆ, ಅಂಗಳದಲ್ಲಿ ಯಾರೂ ಕೇಳಿರದ ದನಿಯಲ್ಲಿ.

ತಿರುಮಲೇಶ ಪ್ಯಾಂಟು ಏರಿಸಿಕೊಂಡು ಹೊರಬಂದ. ಬಿಸಿಲು ಕಣ್ಣಿಗೆ ಹೊಡೆಯಿತು, ರಸ್ತೆ ಟೊಮೆಟೊ ಕ್ರೇಟುಗಳ ಕೆಂಪಿನಲ್ಲಿ ತೇಲುತ್ತಿತ್ತು. ಗೇಟಿನಲ್ಲಿ ಅವರೆಲ್ಲ ಇನ್ನೂ ಇದ್ದರು. "ಏನ್ಲಾ, ಇಷ್ಟು ಬಿರ್ನೆ ಹೆರಿಗೆ ಆಯ್ತಾ?" ಎಂದ ರಾಮಾಂಜಿನಪ್ಪ, "ಗಂಡೋ ಹೆಣ್ಣೋ ಹೇಳೋಗು." ನಗು ಎದ್ದಿತು. ತಿರುಮಲೇಶ ಅದರಲ್ಲಿ ಅಪ್ಪನ ನಗುವನ್ನು ಹುಡುಕಿ ಕಿವಿಗೊಟ್ಟ. ಅದು ಇರಲಿಲ್ಲ. ಸಿಟ್ಟು ಎಂದಿನ ಹಾಗೇ ಬಂತು, ತೊಡೆಯಿಂದ ಎದೆಗೆ ಏರಿತು, ಎದೆಯಿಂದ ಒಂದು ಗಿರಕಿಗೆ ಕತ್ತಿನ ಹಿಂದೆ ಹೋಗಿ ಕೂತುಕೊಂಡಿತು. ಅದನ್ನು ಹೊತ್ತುಕೊಂಡೇ ಅವನು ಬಸ್ ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದ. ಇಷ್ಟು ದಿನ ಮರೆಮಾಚುತ್ತಿದ್ದ ಕುಂಟನ್ನು ಇವತ್ತು ಮರೆಮಾಚಲಿಲ್ಲ.

"ತಿರುಮಲೇಶಾ" ಎಂದು ಹಿಂದಿನಿಂದ ಅಪ್ಪ ಕೂಗಿದ. ಅಂಗಡಿಯ ಮೆಟ್ಟಿಲ ಮೇಲೆ ನಿಂತಿರಬೇಕು, ಕೈ ಇನ್ನೂ ಕತ್ತಿನ ಮೇಲೇ ಇರಬೇಕು. "ವಾಪಸ್ ಯಾವಾಗ ಬರ್ತೀಯಪ್ಪ?"

ಗೇಟಿನಲ್ಲಿ ನಗು ನಿಂತಿತು. ಎಲ್ಲರೂ ಉತ್ತರಕ್ಕೆ ಕಾಯುತ್ತಿದ್ದ ಹಾಗಿತ್ತು. ಅವನು ತಿರುಗಲಿಲ್ಲ, ಬೆಂಗಳೂರಿನ ಬಸ್ಸಿನ ಕಡೆಗೆ ನಡೆಯುತ್ತಲೇ ಹೋದ.